ಗೇರು ಹಿತ್ತಿಲಿನ ದಾರಿ

ಶಾಹಿದಾ ಮೂಡುಬಿದಿರೆಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸಕ್ಕಿದ್ದಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುವ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಅವಳ ಗುರುತಿನವರೇ. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಅವರಿಗೆಲ್ಲ ಡಾಕ್ಟರು ಹೇಳುವುದು ಒಂದೇ ಮಾತು: ದಿನಾ ನಡೆಯಿರಿ. ಅವಳ ತಾಯಿ ಐಸಮ್ಮನಿಗೂ ಅದನ್ನೇ ಹೇಳಿದ್ದರು.

"ಎಲ್ಲಿ ನಡೆಯುವುದು?" ಎಂದು ಐಸಮ್ಮ ಕೇಳಿದ್ದಳು. "ರೋಡಿನಲ್ಲಿ ನಡೆದರೆ ಸಕ್ಕರೆಗಿಂತ ಮೊದಲು ಟಿಪ್ಪರ್ ನನ್ನನ್ನು ತಗೊಂಡು ಹೋಗ್ತದೆ."

ಮಾತು ಸುಳ್ಳಲ್ಲ. ಬೆಳುವಾಯಿಯಲ್ಲಿ ಅವರ ಮನೆಯ ಮುಂದಿನ ರಸ್ತೆ ಅಗಲವಾದ ಮೇಲೆ ಅಂಚಿನಲ್ಲಿ ಕಾಲಿಡಲು ಜಾಗವೇ ಉಳಿದಿರಲಿಲ್ಲ. ಅಂಗಳದಲ್ಲೇ ಸುತ್ತು ಹಾಕಿದರೆ ಐಸಮ್ಮನಿಗೆ ತಲೆ ತಿರುಗುತ್ತಿತ್ತು.

ಒಂದು ದಿನ ರಕ್ತ ಕೊಡಲು ಪ್ರಭಾವತಿ ಟೀಚರ್ ಬಂದರು. ಶಾಹಿದಾ ಓದಿದ ಶಾಲೆಯಲ್ಲಿ ಅವರು ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತರಾಗಿ ವರ್ಷಗಳಾದರೂ ದನಿ ಇನ್ನೂ ಮೈದಾನದ್ದೇ. ಶಾಹಿದಾ ಉಮ್ಮನ ಕಷ್ಟ ಹೇಳಿದಾಗ ಅವರು ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಕೇಳಿದರು:

"ನೀವೆಲ್ಲ ಪದವಿನ ಮೇಲೆ ಹಾದು ಶಾಲೆಗೆ ಬರ್ತಿದ್ದಿರಲ್ಲ, ಆ ದಾರಿ ಎಂತಾಯ್ತು?"

"ಬಸ್ಸು ಬಂದ ಮೇಲೆ ಅಲ್ಲಿ ಯಾರೂ ಹೋಗುವುದಿಲ್ಲ ಟೀಚರ್. ಕಾಡು ಬೆಳೆದಿರ್ಬೇಕು."

"ಬೆಳೆದದ್ದನ್ನು ಕಡಿಯುವ. ಅದಕ್ಕೆಂತ?"

ಹಾಗೆ ಶುರುವಾದದ್ದು ಅದು. ಪದವು ಎಂದರೆ ಊರಿನ ಹಿಂದಿನ ಕೆಂಪು ಮುರಕಲ್ಲಿನ ಬಯಲು. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಬರೀ ಕಲ್ಲು. ಭಾನುವಾರ ಭಾನುವಾರ ನಾಲ್ಕೈದು ಮಂದಿ ಕತ್ತಿ ಹಿಡಿದು ಹೋದರು. ದಾರಿ ಮುಚ್ಚಿದ್ದ ಕಮ್ಯುನಿಸ್ಟ್ ಗಿಡದ ಪೊದೆ ಸವರಿದರು, ತೋಡಿನ ನೀರು ದಾಟಲು ತೆಂಗಿನ ಮರದ ಸಂಕ ಹಾಕಿದರು, ಜಾರುವಲ್ಲಿ ಕಲ್ಲು ಕೂರಿಸಿದರು. ವಯರಿಂಗ್ ಕೆಲಸದ ನಿಝಾರ್ ಎಂಬ ಯುವಕ ಹುಲ್ಲು ಕತ್ತರಿಸುವ ಮೆಷಿನ್ ಹೊತ್ತು ತಂದ. ಆಮೇಲೆ ಹತ್ತಾರು ಜನ ಸೇರಿ 'ಕಾಲುದಾರಿ ಬಳಗ' ಎಂದು ಹೆಸರಿಟ್ಟು ನೋಂದಣಿಯನ್ನೂ ಮಾಡಿಸಿದರು. ಟೀಚರ್ ಅಧ್ಯಕ್ಷೆ, ಶಾಹಿದಾ ಕಾರ್ಯದರ್ಶಿ.

ಒಂದೇ ತೊಡಕೆಂದರೆ, ದಾರಿಯ ನಡುವಿನ ತುಂಡು ಅಜಿತಕುಮಾರ ಎಂಬವರ ಗೇರು ಹಿತ್ತಿಲಿನೊಳಗೆ ಹಾದುಹೋಗುತ್ತಿತ್ತು. ಅವರು ಟೀಚರ ಮೈದುನ. ಟೀಚರ ಗಂಡ ತೀರಿಕೊಂಡು ಜಾಗ ಪಾಲಾದ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಬಸದಿಯಲ್ಲಿ ಎದುರಾದರೂ ತಲೆಯಾಡಿಸಿ ಹೋಗುವಷ್ಟೇ. ಆದರೂ ಟೀಚರ್ ಒಂದು ಬೆಳಿಗ್ಗೆ ತಾವೇ ಆ ಮನೆಯ ಮೆಟ್ಟಿಲು ಹತ್ತಿದರು. ಏನು ಮಾತಾಡಿದರೆಂದು ಯಾರಿಗೂ ಹೇಳಲಿಲ್ಲ. ಬಂದು, "ಒಪ್ಪಿದ್ದಾನೆ. ನಡೆಯುವವರು ಮಾತ್ರ ಅಂತ ಮಾತು ಕೊಟ್ಟಿದ್ದೇನೆ," ಎಂದರು ಅಷ್ಟೆ.

ಎರಡು ವರ್ಷ ದಾರಿ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಬೇಗ ಹೆಂಗಸರ ಗುಂಪು, ಸಂಜೆ ಗಂಡಸರು. ಬುರ್ಖಾ ತೊಟ್ಟವರು, ಸೀರೆ ಉಟ್ಟವರು, ನೈಟಿಯ ಮೇಲೆ ಶಾಲು ಹೊದ್ದವರು ಎಲ್ಲ ಒಂದೇ ಸಾಲಿನಲ್ಲಿ ಹೋಗುತ್ತಿದ್ದರು. ಐಸಮ್ಮ ಮೊದಮೊದಲು ಸಂಕದವರೆಗೆ ಹೋಗಿ ಹಿಂದಿರುಗುತ್ತಿದ್ದವಳು ಆಮೇಲೆ ಗೇರು ಹಿತ್ತಿಲು ದಾಟಿ ಆಚೆಯ ತುದಿಯವರೆಗೂ ನಡೆದಳು. ಮಂಡಿ ನೋವೆಂದು ದಾರಿಯುದ್ದಕ್ಕೂ ಗೊಣಗುವುದು, ಮರುದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿ ನಿಲ್ಲುವುದು.

ಕಳೆದ ಮಳೆಗಾಲದ ಕೊನೆಯಲ್ಲಿ ನಿಝಾರ್ ಪದವಿನ ಒಂದು ವೀಡಿಯೋ ಮಾಡಿದ. ಕಲ್ಲಿನ ಸಂದಿನಲ್ಲೆಲ್ಲ ನೀಲಿ ಹೂವು, ದೂರದಲ್ಲಿ ಮಂಜು ಹೊದ್ದ ಘಟ್ಟ. ಬಳಗಕ್ಕೆ ಇನ್ನಷ್ಟು ಜನ ಸೇರಲಿ ಎಂದು ಅವನು ಹಾಕಿದ್ದು. ಎಲ್ಲೆಲ್ಲಿಂದಲೋ ಸಾವಿರಗಟ್ಟಲೆ ಜನ ನೋಡಿದರು. ಮುಂದಿನ ಭಾನುವಾರ ಮಂಗಳೂರು ಕಡೆಯಿಂದ ಬೈಕುಗಳು ಬಂದವು. ನಂತರದ ಭಾನುವಾರ ಇನ್ನಷ್ಟು. ದಾರಿ ಕೆಸರೆದ್ದಿತು, ಗೇರು ಮರದಡಿ ಬಾಟಲಿ ಬಿದ್ದವು, ನೀರಿನ ಪೈಪು ಒಡೆಯಿತು. ಅಜಿತಕುಮಾರರು ಅದನ್ನೆಲ್ಲ ಸಹಿಸಿಕೊಂಡರು. ಆದರೆ ಒಂದು ಬೆಳಿಗ್ಗೆ ಬೈಕಿನ ಸದ್ದಿಗೆ ಹೆದರಿ ಓಡಿದ ಅವರ ಗಬ್ಬದ ಹಸು ಹಳೆಯ ಕಲ್ಲುಕೋರೆಯ ಹೊಂಡಕ್ಕೆ ಬಿತ್ತು. ಹಗ್ಗ ಕಟ್ಟಿ ಮೇಲೆತ್ತಿದರು. ಹಸು ಉಳಿಯಿತು, ಕರು ಉಳಿಯಲಿಲ್ಲ.

ಮರುದಿನ ನಡೆಯಲು ಹೋದ ಹೆಂಗಸರಿಗೆ ಹಿತ್ತಿಲಿನ ಮೊದಲ ಮರದ ಬಳಿಯೇ ಮುಳ್ಳುತಂತಿ ಎದುರಾಯಿತು.

ಶಾಲೆಯ ಜಗಲಿಯಲ್ಲಿ ಬಳಗದ ಸಭೆ ಸೇರಿತು. ತಲೆತಲಾಂತರದಿಂದ ಜನ ನಡೆದ ದಾರಿ, ಹೀಗೆ ಮುಚ್ಚಲು ಬರುವುದಿಲ್ಲ, ವಕೀಲರನ್ನು ಕಾಣುವ ಎಂದು ಒಬ್ಬಿಬ್ಬರು ಹೇಳಿದರು. ನಿಝಾರ್ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಟೀಚರ್ ಎದ್ದು ನಿಂತರು.

"ಅವ ಮಾಡಿದ್ದು ಸರಿ. ಮಾತು ತಪ್ಪಿದ್ದು ನಾನು. ಇದರಲ್ಲಿ ವಕೀಲರಿಗೆ ಎಂತ ಕೆಲಸ?"

"ಬೈಕಿನವರು ನಮ್ಮವರಲ್ಲ ಟೀಚರ್," ಎಂದಳು ಶಾಹಿದಾ. "ಅವರು ಮಾಡಿದ್ದಕ್ಕೆ ನಮ್ಮ ಉಮ್ಮ ಯಾಕೆ ಮನೆಯಲ್ಲಿ ಕೂರ್ಬೇಕು? ನಿಮ್ಮ ಮೈದುನ ಅಂತ ಹೀಗೆ ಹೇಳ್ತೀರಾ?"

ಹೇಳಿದ ಮೇಲೆ ಹೇಳಬಾರದಿತ್ತು ಎನಿಸಿತು. ಟೀಚರ್ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಮುಂದಿನ ಭಾನುವಾರ ಅವರು ಕೆಲಸಕ್ಕೆ ಬರಲಿಲ್ಲ. ಹೆಚ್ಚಿನವರೂ ಬರಲಿಲ್ಲ.

ಆ ವಾರವೇ ವಾಟ್ಸ್ಯಾಪಿನಲ್ಲಿ ಒಂದು ಸಂದೇಶ ಸುತ್ತತೊಡಗಿತು. ಬರೆದವರ ಹೆಸರಿಲ್ಲ. 'ಬೆಳುವಾಯಿಯಲ್ಲಿ ನಮ್ಮ ಹೆಂಗಸರು ನಡೆಯುತ್ತಾರೆ ಎಂಬ ಒಂದೇ ಕಾರಣಕ್ಕೆ ಜೈನರೊಬ್ಬರು ದಾರಿ ಮುಚ್ಚಿದ್ದಾರೆ. ಎಲ್ಲರಿಗೂ ಕಳುಹಿಸಿ.' ಅದರ ಕೆಳಗೆ ಮುಳ್ಳುತಂತಿಯ ಫೋಟೋ. ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಶಾಹಿದಾಳ ಗಂಡ ಶಾಫಿ ಮೂರನೆಯ ದಿನ ಮಧ್ಯಾಹ್ನ ಫೋನ್ ಮಾಡಿದ.

"ಇಲ್ಲಿ ಅಂಗಡಿಗೆ ಬಂದವರೂ ತೋರಿಸ್ತಾ ಇದ್ದಾರೆ ಮಾರಾಯ್ತಿ. ಆ ಕಡೆಯವರೂ ಏನೇನೋ ಬರೆಯಲಿಕ್ಕೆ ಶುರು ಮಾಡಿದ್ದಾರೆ. ನೀನು ಬಾಯಿ ಹಾಕ್ಬೇಡ. ಎರಡು ದಿನದಲ್ಲಿ ತಣ್ಣಗಾಗ್ತದೆ."

"ಅದರಲ್ಲಿ 'ನಮ್ಮ ಹೆಂಗಸರು' ಅಂತ ಉಂಟಲ್ಲ," ಎಂದಳು ಶಾಹಿದಾ. "ಅದು ನಾನೇ ಅಲ್ವಾ? ನಾನು ಸುಮ್ಮನೆ ಕೂತ್ರೆ ಹೌದು ಅಂತ ಆಗ್ತದೆ."

"ನೋಡಿಕೊಂಡು ಮಾತಾಡು," ಎಂದ ಶಾಫಿ.

ಅವಳು ಲ್ಯಾಬಿನ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನಿನಲ್ಲಿ ತನ್ನ ಮಾತು ರೆಕಾರ್ಡ್ ಮಾಡತೊಡಗಿದಳು. ಮೊದಲ ಸಲ ನಡುವೆ ಮಾತು ತಪ್ಪಿತು. ಅಳಿಸಿ ಇನ್ನೊಮ್ಮೆ ಹೇಳಿದಳು. "ನಾನು ಬೆಳುವಾಯಿಯ ಶಾಹಿದಾ. ಆ ದಾರಿಯಲ್ಲಿ ದಿನಾ ನಡೆಯುವವಳು. ಬೇಲಿ ಹಾಕಿದ್ದು ನಮ್ಮನ್ನು ತಡೆಯಲಿಕ್ಕೆ ಅಲ್ಲ. ಬೈಕಿನವರಿಂದಾಗಿ ಅವರ ಹಸು ಹೊಂಡಕ್ಕೆ ಬಿದ್ದು ಕರು ಸತ್ತಿದೆ. ಎರಡು ವರ್ಷ ತಮ್ಮ ಹಿತ್ತಿಲಿನಲ್ಲಿ ನಮಗೆ ನಡೆಯಲಿಕ್ಕೆ ಬಿಟ್ಟವರು ಅವರೇ. ನಮ್ಮ ಹೆಸರು ಹೇಳಿ ಯಾರೂ ಜಗಳ ಮಾಡುವುದು ಬೇಡ." ಆ ಸಂದೇಶ ಬಂದ ಗುಂಪುಗಳಿಗೆಲ್ಲ ಅದನ್ನು ಕಳುಹಿಸಿದಳು.

ಕೆಲವರು ಒಳ್ಳೆಯದಾಯಿತೆಂದರು. ಕೆಲವರು, ನಿನ್ನನ್ನು ಯಾರು ಕೇಳಿದರು ಎಂದರು. ಒಂದು ಗುಂಪಿನಿಂದ ಅವಳನ್ನು ತೆಗೆದೇಹಾಕಿದರು. ಮನೆಗೆ ಬಂದರೆ ಐಸಮ್ಮ ಹೊರಡಲು ಬುರ್ಖಾ ತೊಟ್ಟು ಕುಳಿತಿದ್ದಳು.

"ಆ ಮನೆಗೆ ಹೋಗುವ," ಎಂದಳು.

"ಈಗಲಾ ಉಮ್ಮ? ಬಯ್ದರೆ?"

"ಬಯ್ಯಲಿ. ಕರು ಹೋದ ಮನೆ. ಇಷ್ಟು ದಿನ ಅವರ ಜಾಗದಲ್ಲಿ ನಡೆದು ನಾವು ಒಂದು ಸಲ ಹೋಗಿ ಕೇಳ್ಲಿಲ್ಲ."

ರಿಕ್ಷಾ ಮಾಡಿಕೊಂಡು ಹೋದರು. ಬಾಗಿಲು ತೆರೆದದ್ದು ಅಜಿತಕುಮಾರರ ಹೆಂಡತಿ ಬ್ರಾಹ್ಮಿ. ಇಬ್ಬರನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದರೂ ಜಗಲಿಯಲ್ಲಿ ಕೂರಿಸಿ ನೀರು, ಬೆಲ್ಲ ತಂದಿಟ್ಟರು. ಅಜಿತಕುಮಾರರು ಒಳಗಿನಿಂದ ಬಂದು ಕುರ್ಚಿಯಲ್ಲಿ ಕುಳಿತರು. ತೆಳ್ಳಗಿನ ಮೈಕಟ್ಟು. ಕಣ್ಣಿನಲ್ಲಿ ನಿದ್ದೆ ಕೆಟ್ಟ ಕಳೆ.

"ಅಣ್ಣಾ, ಆ ಮೆಸೇಜು ನಾವು ಬರೆದದ್ದಲ್ಲ," ಎಂದು ಶಾಹಿದಾ ಶುರುಮಾಡಿದಳು.

"ನನಗೆ ಗೊತ್ತುಂಟು," ಎಂದರು ಅವರು. "ನೀವು ಯಾರೂ ಬರೆದದ್ದಲ್ಲ. ಆದರೆ ಹಾಗಲ್ಲ ಅಂತಲೂ ಯಾರೂ ಹೇಳ್ಲಿಲ್ಲ. ಮೂರು ದಿನದಿಂದ ಫೋನ್ ಬರ್ತಾ ಉಂಟು. ಕೆಲವರು ಬಯ್ಲಿಕ್ಕೆ. ಕೆಲವರು ಭೇಷ್ ಅಂತ ಬೆನ್ನು ತಟ್ಲಿಕ್ಕೆ. ಭೇಷ್ ಅಂದವರ ಮಾತು ಕೇಳಿಯೇ ನನಗೆ ಹೆಚ್ಚು ಸಂಕಟ ಆದದ್ದು."

ಶಾಹಿದಾ ಫೋನ್ ತೆಗೆದು ತಾನು ಕಳುಹಿಸಿದ್ದನ್ನು ಕೇಳಿಸಿದಳು. ತನ್ನದೇ ದನಿ ಆ ಜಗಲಿಯಲ್ಲಿ ಅವಳಿಗೆ ಪರಕೀಯವಾಗಿ ಕೇಳಿತು. ಮುಗಿಯುವವರೆಗೆ ಅವರು ನೆಲ ನೋಡುತ್ತ ಕುಳಿತಿದ್ದರು. ಬ್ರಾಹ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಸು ಎಲ್ಲುಂಟು?" ಎಂದು ಐಸಮ್ಮ ಕೇಳಿದಳು.

ಎಲ್ಲರೂ ಹಟ್ಟಿಗೆ ಹೋದರು. ಮುಂಗಾಲಿನ ತರಚು ಗಾಯಕ್ಕೆ ಅರಿಶಿನ ಮೆತ್ತಿದ್ದ ಕಂದು ಹಸು ಮೂಲೆಯಲ್ಲಿ ಮಲಗಿತ್ತು. ಐಸಮ್ಮ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ಅದರ ಗಂಗೆದೊಗಲನ್ನು ನೇವರಿಸಿದಳು.

"ಮೇವು ಮುಟ್ತಾಳಾ?"

"ನಿನ್ನೆಯಿಂದ ಸ್ವಲ್ಪ," ಎಂದರು ಬ್ರಾಹ್ಮಿ. "ಅದುವರೆಗೆ ಬರೀ ನೀರು."

"ಇನ್ನು ಏಳ್ತಾಳೆ. ಮೇವು ಮುಟ್ಟಿದರೆ ಸಾಕು."

ಹಿಂದಿರುಗುವಾಗ ಅಜಿತಕುಮಾರರು ರಿಕ್ಷಾದವರೆಗೆ ಬಂದರು. "ಬೇಲಿ ನಾನು ತೆಗೆಯುವುದಿಲ್ಲ," ಎಂದರು. "ಅದನ್ನು ಕೇಳ್ಲಿಕ್ಕೆ ಬಂದದ್ದಾದರೆ ಬೇಜಾರು ಮಾಡ್ಬೇಡಿ."

"ಅದಕ್ಕೆ ಬಂದದ್ದಲ್ಲ," ಎಂದಳು ಶಾಹಿದಾ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

"ಅತ್ತಿಗೆ ಬರ್ಲಿಲ್ಲ?"

"ಅವರಿಗೆ ನಿಮ್ಮ ಎದುರು ನಿಲ್ಲಲಿಕ್ಕೆ ಆಗುವುದಿಲ್ಲ ಅಣ್ಣ. ಮಾತು ತಪ್ಪಿದೆ ಅಂತ ಕೊರಗು."

ಅವರು ತಿರುಗಿ ಹಟ್ಟಿಯ ಕಡೆ ಹೋದರು.

ಶಾಹಿದಾ ಉಮ್ಮನನ್ನು ಮನೆಯಲ್ಲಿ ಇಳಿಸಿ ಅದೇ ರಿಕ್ಷಾದಲ್ಲಿ ಟೀಚರ ಮನೆಗೆ ಹೋದಳು. ಟೀಚರ್ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಅಂಗಳದಲ್ಲಿ ನಿಂತಿದ್ದರು. "ಆವತ್ತು ಹಾಗೆ ಹೇಳಿದ್ದು ತಪ್ಪಾಯ್ತು ಟೀಚರ್," ಎಂದಳು.

"ನೀನು ಹೇಳಿದ್ದಕ್ಕಲ್ಲ ನಾನು ಹೋದದ್ದು. ಅಲ್ಲಿ ಇನ್ನೊಂದು ನಿಮಿಷ ನಿಂತಿದ್ದರೆ ಮಕ್ಕಳ ಹಾಗೆ ಅಳ್ತಿದ್ದೆ. ನಾನು ಮಕ್ಕಳ ಎದುರು ಅತ್ತವಳಲ್ಲ." ಆಮೇಲೆ ಕೇಳಿದರು: "ಹಸು ಹೇಗುಂಟು?"

ಮುಂದಿನ ಭಾನುವಾರ ಟೀಚರ್ ಕತ್ತಿ ಹಿಡಿದು ಬಂದರು. ದಾರಿ ಇಲ್ಲದ ದಾರಿ ಬಳಗ ಏನು ಮಾಡುವುದೆಂದು ಯಾರೋ ಕೇಳಿದ್ದಕ್ಕೆ, "ಮೊದಲು ಆ ಕೋರೆ ಹೊಂಡ," ಎಂದರು. ನಿಝಾರ್ ಹೋಗಿ ಅಜಿತಕುಮಾರರನ್ನು ಕೇಳಿದ. ವೀಡಿಯೋ ಮಾಡಿದವನು ತಾನೇ ಎಂದೂ, ಅದನ್ನು ಅಳಿಸಿದ್ದೇನೆ ಎಂದೂ ಹೇಳಿದ. ಅವರು ಅವನನ್ನು ದಿಟ್ಟಿಸಿ, "ಹೊಂಡಕ್ಕೆ ಬೇಲಿ ಕಟ್ಲಿಕ್ಕೆ ಅನುಮತಿ ಎಂತದ್ದು? ಕಟ್ಟಿ," ಎಂದರಂತೆ. ಅದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ.

ಹೊಂಡದ ಸುತ್ತ ಬೇಲಿಯಾಯಿತು. ಆಮೇಲೆ ಬೈಕುಗಳು ಪದವಿಗೆ ಹತ್ತುವ ಜಾಗಕ್ಕೆ ಅಡ್ಡಲಾಗಿ ಕೆಂಪುಕಲ್ಲಿನ ಕಟ್ಟೆ ಕಟ್ಟಿ, ದಾಟಲು ಎರಡೂ ಬದಿಗೆ ಮೆಟ್ಟಿಲಿಟ್ಟರು. ಬೈಕು ನಿಂತಿತು, ಸರಿ. ಆದರೆ ಐಸಮ್ಮನೂ ಅಲ್ಲೇ ನಿಂತಳು.

"ಬೈಕಿಗೂ ನನಗೂ ಒಂದೇ ಶಿಕ್ಷೆಯಾ?" ಎಂದಳು.

ನಿಝಾರ್ ನಗುತ್ತ ಕಟ್ಟೆಯನ್ನು ನಡುವೆ ಒಡೆದ. ಎರಡು ತುಂಡು ಗೋಡೆಗಳನ್ನು ಒಂದರ ಹಿಂದೆ ಒಂದು ಬರುವಂತೆ ಕಟ್ಟಿ ನಡುವೆ ಸೊಟ್ಟಗೆ ಸಂದು ಬಿಟ್ಟರು. ನಡೆಯುವವರು ಮೈ ತಿರುಗಿಸಿ ಹೋಗಬಹುದು, ಬೈಕು ತಿರುಗದು. ಐಸಮ್ಮ ಮೂರು ಸಲ ಹೋಗಿ ಬಂದು ಒಪ್ಪಿಗೆ ಕೊಟ್ಟಳು. ಭಾನುವಾರ ಬೆಳಿಗ್ಗೆ ನಿಝಾರ್ ಅಲ್ಲಿಯೇ ನಿಂತು ಬಂದ ಬೈಕಿನವರಿಗೆ ಸಮಾಧಾನದಿಂದ ಹೇಳಿ ಹಿಂದೆ ಕಳುಹಿಸುತ್ತಿದ್ದ. ಬೈಗುಳ ತಿಂದ ದಿನಗಳೂ ಇದ್ದವು. ಹೆಂಗಸರು ಮಾತ್ರ ಮುಳ್ಳುತಂತಿಯವರೆಗೆ ಹೋಗಿ ಹಿಂದಿರುಗುತ್ತಿದ್ದರು.

ಗೇರು ಹೂ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಹೋದಾಗ ಬೇಲಿಯ ಬಳಿ ಅಜಿತಕುಮಾರರು ಇದ್ದರು, ಇಬ್ಬರು ಆಳುಗಳೊಡನೆ. ಬೇಲಿ ತೆಗೆದಿರಲಿಲ್ಲ. ಕಂಬಗಳನ್ನು ಕಿತ್ತು ಒಳಕ್ಕೆ ಸರಿಸುತ್ತಿದ್ದರು. ಹಿತ್ತಿಲಿನ ಗಡಿಯುದ್ದಕ್ಕೂ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಜಾಗ ಹೊರಗೆ ಉಳಿದಿತ್ತು.

"ನಡುವಿನ ದಾರಿ ಬೇಡ. ಹಸು ಮೇಯುವ ಜಾಗ ಅದು," ಎಂದರು ಯಾರನ್ನೂ ನೋಡದೆ. "ಇದು ಬಳಸಿ ಹೋಗ್ತದೆ. ಸ್ವಲ್ಪ ಉದ್ದ."

ಟೀಚರ್ ಗುಂಪಿನ ಹಿಂದಿದ್ದರು. ಮುಂದೆ ಬಂದು ಮೈದುನನ ಎದುರು ನಿಂತರು. "ಅಜಿತ, ಈ ಸಲ ನಾನು ಮಾತು ಕೊಡುವುದಿಲ್ಲ. ನನ್ನ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಡಬಾರದು ಅಂತ ಗೊತ್ತಾಯ್ತು."

"ಮಾತು ಯಾರು ಕೇಳಿದ್ರು ಅತ್ತಿಗೆ? ಆ ಕಂಬ ನೆಟ್ಟಗುಂಟಾ ನೋಡಿ, ಸಾಕು."

ಟೀಚರ್ ಒಂದು ಕಣ್ಣು ಮುಚ್ಚಿ, ಮೈದಾನದಲ್ಲಿ ಮಕ್ಕಳ ಸಾಲು ನೋಡುತ್ತಿದ್ದ ಹಾಗೆ ನೋಡಿದರು. "ಎಡಕ್ಕೆ ವಾಲಿದೆ," ಎಂದರು. ಅಜಿತಕುಮಾರರು ಕಂಬ ಸರಿಮಾಡಿದರು.

ಹೆಂಗಸರು ಒಬ್ಬೊಬ್ಬರಾಗಿ ಹೊಸ ದಾರಿಗೆ ಕಾಲಿಟ್ಟರು. ನೆಲ ಇನ್ನೂ ಹಸನಾಗಿರಲಿಲ್ಲ. ಗೇರಿನ ಒಣ ಎಲೆ, ಕಿತ್ತ ಬೇರು. ಬರುವ ವಾರದ ಕೆಲಸವೇನೆಂದು ಶಾಹಿದಾ ನೋಡುತ್ತಲೇ ನಡೆದಳು. ಅವಳ ಹಿಂದೆ ಐಸಮ್ಮ ಏದುಸಿರು ಬಿಡುತ್ತ, ಇಷ್ಟು ಬಳಸಿ ಹೋಗುವ ದಾರಿ ಯಾರಿಗೆ ಬೇಕಿತ್ತು ಎಂದು ಗೊಣಗುತ್ತಿದ್ದಳು.

"ಹಿಂದೆ ಹೋಗುವುದಾ ಉಮ್ಮ?"

"ಯಾಕೆ? ನಾನು ಹಾಗೆ ಹೇಳಿದ್ದಾ?" ಎಂದು ಐಸಮ್ಮ ಮಗಳನ್ನು ಬದಿಗೆ ಸರಿಸಿ ಮುಂದೆ ಹೋದಳು.