ಕೆಂಪಣ್ಣನ ಶುಂಠಿ ಸೋಡಾ

ಹಾಸನದ ಹಳೇ ಪೇಟೆಯ ಒಂದೇ ಬೀದಿಯಲ್ಲಿ ಎರಡು ಗೋಲಿ ಸೋಡಾ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಕೋಣೆ, ಗ್ಯಾಸ್ ಸಿಲಿಂಡರು, ಹಿಡಿ ಹಿಡಿದು ಬಾಟಲಿ ತಿರುಗಿಸುವ ಕಬ್ಬಿಣದ ಯಂತ್ರ, ಅಷ್ಟೇ. ಬೀದಿಯ ಮೇಲ್ತುದಿಯದು ಗಂಗಾಧರಯ್ಯನವರದು, ಕೆಳಗಿನದು ಕೆಂಪಣ್ಣನದು. ಇಬ್ಬರಿಗೂ ಕಸುಬು ಅಪ್ಪಂದಿರಿಂದ ಬಂದದ್ದು. ಗಿರಾಕಿ ಕಿತ್ತುಕೊಂಡ ಜಗಳವೂ ಅವರಿಂದಲೇ ಬಂದದ್ದು. ಎದುರಾದರೆ ಇಬ್ಬರೂ ಮುಖ ತಿರುಗಿಸಿ ಹೋಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಬಾಟಲಿ ಸಿಡಿದು ಕೆಂಪಣ್ಣನ ಬಲಗೈಗೆ ಹೊಲಿಗೆ ಬಿತ್ತು. ಮಾರನೇ ದಿನ ಕಟ್ಟಾಯ ಊರಿನ ಮದುವೆಗೆ ಶುಂಠಿ ಸೋಡಾ ಕೊಡಲು ಒಪ್ಪಿಕೊಂಡಾಗಿತ್ತು. ಅವನ ಹೆಂಡತಿ ಅನಸೂಯಮ್ಮ ಗಂಡನಿಗೆ ಹೇಳದೆ ಗಂಗಾಧರಯ್ಯನವರ ಬಾಗಿಲಿಗೆ ಬಂದಳು.

"ಮದ್ವೆಗೆ ನಿಮ್ ಸೋಡಾನೇ ಕಳಿಸ್ಬುಡಿ ಅಯ್ನೋರೆ. ಕೊಟ್ಟ ಮಾತು ಉಳುದ್ರೆ ಸಾಕು."

"ಅವ್ರು ಕೇಳಿರೋದು ನಿಮ್ಮನೆ ಶುಂಠೀದು ಕಣಮ್ಮ. ನಂದು ಕುಡುದ್ರೆ ಗೊತ್ತಾಗ್ಬುಡ್ತದೆ," ಅಂದವರು ಅಂಗಿ ತೊಟ್ಟು ಅವಳ ಹಿಂದೆಯೇ ಹೊರಟರು.

ಮಂಚದ ಮೇಲಿದ್ದ ಕೆಂಪಣ್ಣ ಅವರನ್ನು ಕಂಡು ಎದ್ದು ಕೂತ. "ಇವ್ರನ್ಯಾಕೆ ಕರ್ಕಬಂದೆ?" ಎಂದು ಹೆಂಡತಿಯನ್ನು ಕೇಳಿದ.

ಗಂಗಾಧರಯ್ಯ ಆಗಲೇ ಅಂಗಿಯ ತೋಳು ಮಡಚಿ ಬಾಟಲಿ ತೊಳೆಯುತ್ತಿದ್ದರು. ಆಮೇಲೆ ಶುಂಠಿ ತಗೊಂಡು ಒರಳಿಗೆ ಹಾಕಿ ರುಬ್ಬತೊಡಗಿದರು. ಕೆಂಪಣ್ಣ ಗೋಡೆ ಕಡೆ ತಿರುಗಿ ಮತ್ತೆ ಮಲಗಿದ್ದವನು ಆ ಸದ್ದು ಕೇಳಿ ತಡೆದುಕೊಳ್ಳಲಾರದೆ ಹೋದ.

"ರುಬ್ಬಬ್ಯಾಡಿ, ಕಹಿಯಾಯ್ತದೆ. ಜಜ್ಜಿ ರಸ ಇಂಡಿ. ಒಸಿ ಮೆಣಸು ಉರುದು ಸೇರುಸ್ಬೇಕು."

ಕೆಂಪಣ್ಣನ ಅಪ್ಪ ಸಾಯುವಾಗ ಯಾರಿಗೂ ಹೇಳಬೇಡ ಅಂದಿದ್ದ ಮಾತದು. ಗಂಗಾಧರಯ್ಯ ಅವನು ಹೇಳಿದಂತೆಯೇ ಮಾಡಿ, ಮೊದಲ ಬಾಟಲಿಯ ಗೋಲಿ ಒತ್ತಿ ಒಂದು ಗುಟುಕು ಕುಡಿದರು.

"ನಮ್ ಗಿರಾಕಿಗಳು ಇಲ್ಲಿಗ್ಯಾಕೆ ಓಡಿ ಬತ್ತಿದ್ರು ಅಂತ ಈಗ ತಿಳೀತು ಕಣಯ್ಯ," ಎಂದರು. ಕೆಂಪಣ್ಣನಿಗೆ ನಗು ಬಂತು. ಅದನ್ನು ಮುಚ್ಚಿಕೊಳ್ಳಲು ಅವನಿಂದ ಆಗಲಿಲ್ಲ. ಸಂಜೆಯೊಳಗೆ ಸೋಡಾ ತುಂಬಿದ ಆಟೋ ಕಟ್ಟಾಯದ ದಾರಿ ಹಿಡಿಯಿತು.

ಗಾಯ ಮಾಯ್ದರೂ ಕೆಂಪಣ್ಣನ ಎರಡು ಬೆರಳು ಸರಿಯಾಗಿ ಮಡಚಲು ಬರಲಿಲ್ಲ. ಗಂಗಾಧರಯ್ಯ ಈಗಲೂ ಬೆಳಿಗ್ಗೆ ಬಂದು ಅವನ ಯಂತ್ರ ತಿರುಗಿಸಿಕೊಟ್ಟು ತಮ್ಮ ಅಂಗಡಿಗೆ ಹೋಗುತ್ತಾರೆ. ಶುಂಠಿ ಸೋಡಾ ಮಾಡುವುದು ಕಲಿತರೂ ತಮ್ಮಲ್ಲಿ ಮಾತ್ರ ಮಾಡಿಲ್ಲ. ಕೇಳಿದವರಿಗೆ "ಕೆಳಗೆ ಓಗಿ" ಅನ್ನುತ್ತಾರೆ. ನಿಂಬೆ ಸೋಡಾ ಕೇಳಿದವರನ್ನು ಕೆಂಪಣ್ಣ ಮೇಲಿನ ಅಂಗಡಿಗೆ ಕಳಿಸುತ್ತಾನೆ. ಗ್ಯಾಸ್ ಎಷ್ಟು ಬಿಡಬೇಕು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ದಿನಾ ಜಗಳ. ಅದು ಮುಗಿಯುವವರೆಗೆ ಅನಸೂಯಮ್ಮ ಕಾಫಿ ಕೊಡುವುದಿಲ್ಲ.