ನಾಲ್ಕು ಪೆಟ್ಟಿಗೆ ಕಮ್ಮಿ

"ಬಾಯಿ ತಗಿ. ಇನ್ನೂ ಅಗಲ ತಗಿ, ರಂಡೆ. ಉಣ್ಣಾಕ ತಗೀತಿಯಲ್ಲ, ಹಂಗ. ಈಗ ಊದು."

ಕೂಲಿಯಾಳುಗಳ ಮುಕಾದಮ ರಘುರಾಮ ಶಿವಕಾಂತಾಳ ತುಟಿಯ ತನಕ ಮೂಗು ತಂದು ನಿಂತಿದ್ದ. ಇದೇ ರಘುರಾಮ ಬೆಳಿಗ್ಗೆ ಅವಳ ಕೈ ತಾಗೀತೆಂದು ದೂರ ನಿಂತು ಬೊಗಸೆಗೆ ಮೇಲಿನಿಂದ ನೀರು ಸುರಿದಿದ್ದ. ಇಬ್ಬರೂ ಇಂಡಿ ತಾಲೂಕಿನ ಒಂದೇ ಊರಿನವರು. ಪುಣೆಗೆ ಬಂದು ಹತ್ತು ವರ್ಷವಾದರೂ ಅವನು ಊರಿನ ಮೈಲಿಗೆಯನ್ನು ಜೋಪಾನವಾಗಿ ಕಾಪಾಡಿಕೊಂಡಿದ್ದ. ಹೆಂಗಸರ ಬಾಯಿ ಮೂಸುವುದಕ್ಕೆ ಮಾತ್ರ ಅದು ಅಡ್ಡ ಬರಲಿಲ್ಲ. ಅವನ ಬಾಯಿಂದ ಗುಟ್ಕಾ ನಾತ ಹೊಡೆಯುತ್ತಿತ್ತು. ಆದರೂ ಶಿವಕಾಂತಾ ಊದಿದಳು. ಇವಳೂ ನಾರುತ್ತಾಳೆಂದು ಅವನು ಹಿಂದೆ ನಿಂತಿದ್ದ ಅಬಕಾರಿ ಸಾಹೇಬರಿಗೆ ಮರಾಠಿಯಲ್ಲಿ ವರದಿ ಒಪ್ಪಿಸಿದ.

ನಾರದೆ ಇನ್ನೇನು? ಬೆಳಗಿನ ಏಳರಿಂದ ಹನ್ನೆರಡು ಹೆಂಗಸರು ಪುಣೆ ಬಳಿಯ ತಳೇಗಾಂವದ ಈ ಮದ್ಯದ ಕಾರ್ಖಾನೆಯ ಹಿತ್ತಲಲ್ಲಿ ಕೂತು ಲಿಚಿ ವಾಸನೆಯ ಮದ್ಯವನ್ನು ಗಟಾರಕ್ಕೆ ಸುರಿಯುತ್ತಿದ್ದರು. ನೀರು, ಸೋಡಾ ಬೆರೆಸುವ ಗೋಜಿಲ್ಲದೆ ಮುಚ್ಚಳ ಕಿತ್ತು ಹಾಗೇ ಕುಡಿಯುವ ಗುಲಾಬಿ ಬಣ್ಣದ ಸಣ್ಣ ಬಾಟಲಿಗಳು. ವಿಮಾನ ನಗರದ ಮಾಲುಗಳಿಗೆ ಹೋಗಬೇಕಿದ್ದ ಮಾಲು. ಇದಕ್ಕೆ ಬಿಯರಿನ ತೆರಿಗೆಯೋ ವಿಸ್ಕಿಯ ತೆರಿಗೆಯೋ ಎಂದು ಕಚೇರಿಗಳಲ್ಲಿ ಎಂಟು ತಿಂಗಳು ಹಗ್ಗಜಗ್ಗಾಟ ನಡೆದು, ತೀರ್ಮಾನವಾಗುವಷ್ಟರಲ್ಲಿ ಬಾಟಲಿಗಳ ತಾರೀಖೇ ಮುಗಿದಿತ್ತು. ಅಬಕಾರಿ ಸಾಹೇಬರ ಕಣ್ಣೆದುರು ಗಟಾರಕ್ಕೆ ಹೋದ ಬಾಟಲಿಗೆ ತೆರಿಗೆ ಇಲ್ಲ. ಯಾರದಾದರೂ ಗಂಟಲಿಗೆ ಇಳಿದರೆ ಉಂಟು. ಕಾನೂನು ಅಷ್ಟು ಚೊಕ್ಕ. ಸುರಿಯುವವರ ಉಸಿರು ಏನಾಗುತ್ತದೆಂದು ಅದರಲ್ಲಿ ಯಾರೂ ಬರೆದಿರಲಿಲ್ಲ.

ಸೀರೆಯ ನೆರಿಗೆ ತೊಯ್ದು ತೊಡೆಗೆ ಅಂಟಿತ್ತು. ಕಾಲ್ಬೆರಳ ಸಂದಿಯಲ್ಲೆಲ್ಲ ಅಂಟು, ಅಂಟಿನ ಮೇಲೆ ನೊಣ. ಗಟಾರದ ಗುಲಾಬಿ ನೊರೆಯಲ್ಲಿ ಸತ್ತ ಇಲಿಯೊಂದು ಗಿರಗಿರ ಸುತ್ತುತ್ತಿತ್ತು. ಮಧ್ಯಾಹ್ನ ಬಿಚ್ಚಿದ ರೊಟ್ಟಿಗೂ ಅದೇ ಹಾಳು ಸಿಹಿ ವಾಸನೆ ಹತ್ತಿತ್ತು. ಶಿವಕಾಂತಾಳ ತಮ್ಮನ ಹೆಂಡತಿ ನೀತಾ ಮೂರು ತಿಂಗಳ ಬಸುರಿ. ಒಂದು ತುತ್ತು ಬಾಯಿಗಿಟ್ಟವಳೇ ಅಲ್ಲೇ ಕಕ್ಕಿಬಿಟ್ಟಳು. ಅದೇ ಅವಳಿಗೆ ಮುಳುವಾಯಿತು.

ಮೂರು ಗಂಟೆಗೆ ಅಬಕಾರಿಯ ದೊಡ್ಡ ಸಾಹೇಬರು, ಬರುವ ಸುದ್ದಿಯನ್ನೂ ಕೊಡದೆ, ಬಂದಿಳಿದರು. ಖಾಲಿ ಬಾಟಲಿಯ ಪೆಟ್ಟಿಗೆಗಳನ್ನು ಎಣಿಸಿ ಎಂದರು. ನಾನೂರು ಇರಬೇಕಿತ್ತು, ನಾಲ್ಕು ಕಮ್ಮಿ ಬಂತು. ಬೆಳಗಿನಿಂದ ತನ್ನ ಜೀಪಿನ ನೆರಳಲ್ಲಿ ಕುರ್ಚಿ ಹಾಕಿ ಕಾವಲು ಕೂತಿದ್ದ ಸಣ್ಣ ಸಾಹೇಬ ಪೃಥ್ವಿರಾಜನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಅವನ ಕಣ್ಣು ನೀತಾ ಕಕ್ಕಿದ ಜಾಗಕ್ಕೆ ಹೋಯಿತು. ಈ ಹೆಂಗಸರೇ ಕುಡಿದಿದ್ದಾರೆ, ಉಳಿದದ್ದನ್ನು ಗೋಡೆ ದಾಟಿಸಿದ್ದಾರೆ, ಇವರ ಜಾತಿಯೇ ಅಂಥದ್ದು ಎಂದ. ಹಾಗೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಊದಿಸುವ ಕೆಲಸ ಶುರುವಾಯಿತು.

ಹನ್ನೆರಡೂ ಮಂದಿ ನಾರಿದರು. ಎಲ್ಲರನ್ನೂ ಠಾಣೆಗೆ ಅಟ್ಟಿದರೆ ನಾಳೆ ಬಾಟಲಿ ತೊಳೆಯುವವರು ಯಾರು? ಒಬ್ಬಳು ಸಾಕಿತ್ತು. ಪೃಥ್ವಿರಾಜ ತಾನೇ ಎದ್ದು ಬಂದು ನೀತಾಳ ಗದ್ದ ಹಿಡಿದು ಮೂರು ಸಲ ಊದಿಸಿದ. ಅವನ ಮುಖ ಅಷ್ಟು ಹತ್ತಿರ ಬಂದದ್ದಕ್ಕೆ ಅವಳು ಮತ್ತೆ ಓಕರಿಸಿದಳು. ಕುಡುಕಿ ಎಂದು ನಕ್ಕು ಅವನು ಠಾಣೆಗೆ ಫೋನು ಮಾಡಿಸಿದ.

"ಯಕ್ಕಾ, ಒಂದ ಹನಿ ಮುಟ್ಟಿಲ್ಲ ನಾ," ಎಂದಳು ನೀತಾ.

ಅದು ಶಿವಕಾಂತಾಳಿಗೆ ಗೊತ್ತಿತ್ತು. ಆ ನಾಲ್ಕು ಪೆಟ್ಟಿಗೆ ಎಲ್ಲಿವೆ ಎಂಬುದೂ ಗೊತ್ತಿತ್ತು. ಪರೀಕ್ಷೆಗೆ ಕಳಿಸುವ ಸ್ಯಾಂಪಲ್ ಎಂದು ರಘುರಾಮ ಹೇಳಿದ್ದನ್ನು ನಂಬಿ, ಹನ್ನೊಂದು ಗಂಟೆಗೆ ತಾನೇ ಅವನ್ನು ತಲೆಯ ಮೇಲೆ ಹೊತ್ತು ಪೃಥ್ವಿರಾಜನ ಜೀಪಿನಲ್ಲಿಟ್ಟಿದ್ದಳು. ಸರಕಾರದ ಸಾಮಾನು ಬಿಸಿಲಿಗೆ ಕೆಡಬಾರದೆಂದು ತಾಡಪಾಲು ಬೇರೆ ಹೊದಿಸಿದ್ದಳು. ಈಗ ನೆನೆದರೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ರಘುರಾಮ ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಅವಳ ಹತ್ತಿರ ಬಂದ.

"ನೀತಾ ಕುಡದದ್ದು, ಕದ್ದದ್ದು ಕಣ್ಣಾರೆ ಕಂಡೀನಿ ಅಂತ ಬರದದ. ನೀ ಆಕಿ ಮನ್ಯಾಕಿ, ನಿನ್ನ ಸಾಕ್ಷಿಗೆ ತೂಕ ಅದ. ಹೆಬ್ಬಟ್ಟು ಒತ್ತು. ಒಬ್ಬಾಕಿ ಹೋದ್ರ ಹನ್ನೊಂದು ಮಂದಿ ಕೂಳು ಉಳೀತದ."

"ಮತ್ತ ಜೀಪಿನಾಗಿನ್ವು?"

"ಹಲ್ಲು ಉದುರಸ್ತೀನಿ, ಬೋಸುಡಿ. ಜೀಪಿನ ಮಾತ ತಗದ್ರ ನೀನೂ ಆಕಿ ಸಂಗಾಟ ಹೋಗ್ತಿ."

ಶಿವಕಾಂತಾ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ನಿಧಾನವಾಗಿ ಅದನ್ನು ರಘುರಾಮನ ಬಿಳಿ ಅಂಗಿಗೆ ಒರೆಸಿದಳು. ಮುಟ್ಟಿಸಿಕೊಂಡ ಗಾಬರಿಯಲ್ಲಿ ಅವನು ಎದೆ ನೋಡಿಕೊಳ್ಳುವಷ್ಟರಲ್ಲಿ ಅವಳು ಜೀಪಿನ ಹಿಂದೆ ಹೋಗಿ ತಾಡಪಾಲು ಎಳೆದು ಬಿಸಾಡಿದ್ದಳು. ಮೊದಲ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ದೊಡ್ಡ ಸಾಹೇಬರ ಮುಂದಿನಿಂದಲೇ ನಡೆದು ತಂದು ಗಟಾರದ ದಂಡೆಗೆ ಇಳಿಸಿದಳು. ಅದರ ರಟ್ಟು ಆಗಲೇ ಹರಿದಿತ್ತು. ಒಳಗೆ ಐದು ಬಾಟಲಿ ಖಾಲಿ, ಸಂದಿಯಲ್ಲಿ ಶೇಂಗಾ ಸಿಪ್ಪೆ.

"ಸುರಿಯೂದು ನಮ್ಮ ಕೆಲಸರಿ. ನಾಲ್ಕು ಬಾಕಿ ಉಳದಿದ್ವು," ಎಂದಳು ದೊಡ್ಡ ಸಾಹೇಬರಿಗೆ. ಅದನ್ನೇ ತನ್ನ ಹರಕುಮುರುಕು ಮರಾಠಿಯಲ್ಲೂ ಹೇಳಿದಳು.

ಪೃಥ್ವಿರಾಜ ತಡೆಯಲು ಬಂದ. ಉಳಿದ ಹೆಂಗಸರು ನಡುವೆ ಬಂದು ನಿಂತರು. ಅವರ ತೊಯ್ದ ಸೀರೆ ತನ್ನ ಸಮವಸ್ತ್ರಕ್ಕೆ ತಾಗೀತೆಂದು ಅವನೇ ಹಿಂದೆ ಸರಿದ. ನೀತಾ ಕಣ್ಣೊರೆಸಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತು, ಶಿವಕಾಂತಾಳ ಜೊತೆ ಮುಚ್ಚಳ ಕೀಳತೊಡಗಿದಳು. ಉಳಿದ ಮೂರು ಪೆಟ್ಟಿಗೆಯನ್ನು ಇಬ್ಬರು ಹೆಂಗಸರು ಜೀಪಿನಿಂದ ಹೊತ್ತು ತಂದರು. ನಾಲ್ಕೂ ಗಟಾರಕ್ಕೆ ಹೋದವು.

ಆಮೇಲೆ ಶಿವಕಾಂತಾ ಎದ್ದು ಪೃಥ್ವಿರಾಜನ ಮುಂದೆ ಬಂದಳು. ಅವನು ನೀತಾಳಿಗೆ ಎಷ್ಟು ಹತ್ತಿರ ನಿಂತಿದ್ದನೋ ಅಷ್ಟೇ ಹತ್ತಿರ ನಿಂತಳು.

"ಐದು ಬಾಟಲಿ ಗಟಾರಕ್ಕ ಬಿದ್ದಿಲ್ಲ. ಬಾಯಿ ತಗೀರಿ ಸಾಹೇಬ್ರ. ಊದ್ರಿ."

ಇದನ್ನು ಮರಾಠಿಗೆ ತಿರುಗಿಸುವ ಧೈರ್ಯ ರಘುರಾಮನಿಗೆ ಬರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ದೊಡ್ಡ ಸಾಹೇಬರು ಕೈಯಲ್ಲಿದ್ದ ಪೆಟ್ಟಿಗೆ ಲೆಕ್ಕದ ಕಾಗದವನ್ನು ತಿರುವಿ ಹಾಕಿ ಓದುವವರಂತೆ ತಲೆ ತಗ್ಗಿಸಿದರು. ಗೇಟಿನ ಆಚೆ ಪೊಲೀಸ್ ಗಾಡಿ ಬಂದು ನಿಂತ ಸದ್ದಾಯಿತು. ಯಾರನ್ನು ಒಯ್ಯಬೇಕೆಂಬುದು ಈಗ ಮೊದಲಿನಷ್ಟು ಖಚಿತವಿರಲಿಲ್ಲ. ಹೆಂಗಸರು ಕದಲಲಿಲ್ಲ. ಗಟಾರದ ಕಡೆಯಿಂದ ನೊಣವೊಂದು ಹಾರಿ ಬಂದು ಪೃಥ್ವಿರಾಜನ ತುಟಿಯ ಮೇಲೆ ಕೂತಿತು, ಇನ್ನೊಂದು ಬಂತು. ಅವನು ಬಾಯಿ ತೆರೆಯಲಿಲ್ಲ.