ಉತ್ತಮ ಸ್ಥಿತಿಯಲ್ಲಿದೆ

ತಾವು ಪುಸ್ತಕ ವ್ಯಾಪಾರಿ ಎಂದು ನಮ್ಮ ಯಜಮಾನರು ಹೇಳಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಅವರು ನೀರಿನ ಬಿಲ್ಲಿನ ಕಚೇರಿಯಲ್ಲಿ ಗುಮಾಸ್ತರು, ಸಂಜೆಯ ಹೊತ್ತು ಊರಿನ ಹಳೇ ಪುಸ್ತಕವನ್ನೆಲ್ಲ ಹೊತ್ತು ತಂದು ನನ್ನ ಹೊಲಿಗೆ ಕೋಣೆಯಲ್ಲಿ ಪೇರಿಸುವವರು. ಪುಸ್ತಕ ವ್ಯಾಪಾರಿ ಅಂದಮೇಲೆ ಒಂದನ್ನಾದರೂ ಬಿಚ್ಚಿ ನೋಡಿರಬೇಡವೇ? ಇವರು ಪುಸ್ತಕವನ್ನು ಬೋರಲು ಹಾಕಿ ಹಿಂದಿನ ಕಪ್ಪು ಗೆರೆಗಳಿಗೆ ಮೊಬೈಲ್ ಹಿಡಿಯುತ್ತಾರೆ. ಮೊಬೈಲ್ ಕೀಂ ಎಂದರೆ ಅದು ಒಳ್ಳೆಯ ಪುಸ್ತಕ, ಸುಮ್ಮನಿದ್ದರೆ ಕೆಟ್ಟ ಪುಸ್ತಕ. ಇವರ ವಿಮರ್ಶೆ ಅಲ್ಲಿಗೆ ಮುಗಿಯಿತು.

ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಮುಖ ಸಪ್ಪಗೆ ಮಾಡಿಕೊಂಡು ಹೊರಡುತ್ತಾರೆ. ಎರಡು ಮಾತು ಸಂತಾಪ ಹೇಳುತ್ತಾರೆ, ಹೇಳುತ್ತಿರುವಾಗಲೇ ಕಣ್ಣು ಕಪಾಟಿನ ಕಡೆ ಜಾರಿರುತ್ತದೆ. ತಂದದ್ದನ್ನು ಒರೆಸಿ, ಫೋಟೋ ಹೊಡೆದು, ಆನ್‌ಲೈನ್ ಅಂಗಡಿಗೆ ಹಾಕುತ್ತಾರೆ. ಅಂಗಡಿಯ ಹೆಸರು ‘ಪುಟಪ್ರೀತಿ’. ಪ್ರೀತಿಯ ವರ್ಣನೆಯನ್ನೂ ಕೇಳಬೇಕು: ರಟ್ಟು ಕಿತ್ತು ಬಂದಿದ್ದರೆ ‘ಹಳೆಯದು, ಬಳಕೆಗೆ ಅಡ್ಡಿಯಿಲ್ಲ’, ಹುಳ ತಿಂದಿದ್ದರೆ ‘ಕಾಲದ ಸೊಬಗು’, ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದರೆ ‘ಉತ್ತಮ ಸ್ಥಿತಿಯಲ್ಲಿದೆ’.

ಇವರಿಗೊಬ್ಬ ತಮ್ಮ. ನನ್ನ ಮೈದುನ. ಅಣ್ಣ ಒಂದು ಹಳ್ಳಕ್ಕೆ ಬಿದ್ದರೆ, ತನಗೇಕೆ ಹಳ್ಳ ಸಿಗಲಿಲ್ಲ ಎಂದು ಕೊರಗುವ ಜಾತಿಯವನು. ಊರಿನ ಆ ಕಡೆ ಮನೆ ಮಾಡಿಕೊಂಡು ಅವನೂ ಗುಟ್ಟಾಗಿ ಅದೇ ದಂಧೆ ಶುರು ಮಾಡಿದ್ದ. ಇನ್ನೂ ಜಾಣ ನೋಡಿ, ಪುಸ್ತಕ ಹೊರುವ ಕಷ್ಟವನ್ನೂ ಪಡುತ್ತಿರಲಿಲ್ಲ. ಬೇರೆಯವರ ಬಳಿ ಇರುವ ಪುಸ್ತಕವನ್ನು ತನ್ನದೆಂದು ಹೆಚ್ಚಿನ ಬೆಲೆಗೆ ಹಾಕುವುದು, ಗಿರಾಕಿ ಸಿಕ್ಕಾಗ ಅವರಿಂದ ಕೊಂಡು ಆ ಗಿರಾಕಿಗೆ ಕಳಿಸುವುದು. ಅವನ ಅಂಗಡಿ ‘ಓದುಗ ಬಂಧು’ ಎಂದು ನಮಗೆ ಆಮೇಲೆ ಗೊತ್ತಾಯಿತು. ಈ ಇಬ್ಬರು ಮಹಾನುಭಾವರನ್ನು ಹೆತ್ತ ನನ್ನ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಗಾಗಿಯೇ ನಾನಿದನ್ನು ಹೇಳುತ್ತಿರುವುದು.

ಅತ್ತೆಯ ಬೆನ್ನು ಬಾಗಿದೆ, ವರ್ಷ ಹೋದಂತೆ ಇನ್ನಷ್ಟು ಬಾಗುತ್ತಿದೆ. ಅಂಥವರಿಗೆ ಅಂಗಡಿಯ ಬಟ್ಟೆ ಆಗುವುದಿಲ್ಲ. ಹಿಂದೆ ಮೇಲಕ್ಕೆ ಸೆಳೆದುಕೊಳ್ಳುತ್ತದೆ, ಮುಂದೆ ಜೋತು ಬೀಳುತ್ತದೆ, ಕಾಲರ್ ಕತ್ತು ಹಿಸುಕುತ್ತದೆ. ಅವರು ತೊಡುವ ಕಾಲರಿನ ಉದ್ದಂಗಿಗಳನ್ನು ನಾನೇ ಹೊಲಿಯುವುದು. ಈಚೆಗೆ ಹಳೆಯ ಅಂಗಿಗಳೆಲ್ಲ ಬಿಗಿಯಾಗಿ, ಸಂಜೆ ಪಾರ್ಕಿನ ಬೆಂಚಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಅಲ್ಲಿ ಅವರ ಗೆಳತಿಯರ ಒಂದು ದಂಡೇ ಇದೆ, ಊರಿನ ಸೊಸೆಯಂದಿರ ತಪ್ಪುಗಳೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. “ಕತ್ತಿಗೆ ಹಗ್ಗ ಕಟ್ಕೊಂಡು ಎಲ್ಲಿಗಮ್ಮ ಹೋಗ್ಲಿ? ನನ್ನ ಮಾತಿಗೇ ಉಸಿರು ಸಾಲಲ್ಲ,” ಎಂದು ಮನೆಯಲ್ಲೇ ಕುಳಿತಿದ್ದರು. ಮಾತೇ ಊಟವಾಗಿದ್ದ ಹೆಂಗಸು ಹಾಗೆ ಗೋಡೆ ನೋಡುತ್ತ ಕೂರುವುದನ್ನು ನನ್ನಿಂದ ನೋಡಲಾಗಲಿಲ್ಲ. ಹೊಸ ಅಂಗಿಗೆ ತಿಳಿನೀಲಿ ಬಟ್ಟೆ ತಂದಿಟ್ಟಿದ್ದೆ.

ಬಾಗಿದ ಬೆನ್ನಿಗೆ ಕತ್ತರಿ ಹಾಕುವುದು ಹುಡುಗಾಟವಲ್ಲ. ನನಗೆ ಹೊಲಿಗೆ ಕಲಿಸಿದ ಟೀಚರ್ ಕೊಟ್ಟ ಒಂದು ಪುಸ್ತಕವಿತ್ತು. ಎಂದೋ ಅಚ್ಚಾಗಿ ನಿಂತುಹೋದದ್ದು. ಅದರ ಕೊನೆಯ ಭಾಗದಲ್ಲಿ ಗೂನು ಬೆನ್ನು, ಇಳಿದ ಭುಜಗಳ ಲೆಕ್ಕವಿದೆ, ಆದರೆ ಅಚ್ಚಾದ ಅಳತೆಗಳೆಲ್ಲ ತಪ್ಪು. ಟೀಚರ್ ಎಷ್ಟೋ ಮೈಗಳ ಮೇಲೆ ಬಟ್ಟೆ ಹಾಕಿ ನೋಡಿ, ಸರಿಯಾದ ಅಳತೆಗಳನ್ನು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು. ಬೆನ್ನು ಇಷ್ಟು ಬಾಗಿದರೆ ಹಿಂದೆ ಇಷ್ಟು ಸೇರಿಸು, ಕುತ್ತಿಗೆಯನ್ನು ಇಷ್ಟು ಮುಂದೆ ತಾ, ಹೀಗೆ ಸಾಲು ಸಾಲು. ಅದನ್ನು ನೋಡಿ ಕತ್ತರಿಸಿದರೆ ಅತ್ತೆಯನ್ನು ಒಂದೇ ಸಲ ನಿಲ್ಲಿಸಿ ಅಳೆದರೆ ಸಾಕಾಗುತ್ತಿತ್ತು. ಅವರಿಗೆ ಹೆಚ್ಚು ಹೊತ್ತು ನಿಲ್ಲಲಾಗದು. ಟೀಚರ್ ಈಗಿಲ್ಲ. ಆ ಅಂಕಿಗಳು ನನ್ನ ತಲೆಗೆ ಹತ್ತಿದವೂ ಅಲ್ಲ, ಪುಸ್ತಕ ಕೈಗೆ ಎಟುಕುವಲ್ಲಿ ಇದ್ದಮೇಲೆ ಯಾರು ಬಾಯಿಪಾಠ ಮಾಡುತ್ತಾರೆ?

ಒಂದು ಭಾನುವಾರ ಹೊರಗೆ ಬೇಟೆ ಸಿಗದೆ ಯಜಮಾನರು ಮನೆಯೊಳಗಿನದಕ್ಕೇ ಕೈ ಹಾಕಿದರು. ಮಿಷನ್ನಿನ ಮೇಲಿನ ಹಲಗೆಯಿಂದ ನನ್ನ ಪುಸ್ತಕ ತೆಗೆದು ತಿರುಗಿಸಿ ನೋಡಿದರು. ಗೆರೆಗಳಿರಲಿಲ್ಲ. ಹೆಸರನ್ನೇ ಹೊಡೆದು ಹುಡುಕಿದರು. ಲೋಕದಲ್ಲಿ ಯಾರೂ ಅದನ್ನು ಮಾರುತ್ತಿರಲಿಲ್ಲ.

“ಅದು ಮಾರೋದಲ್ಲ,” ಎಂದೆ.

“ಮಾರ್ತೀನಿ ಅಂದ್ನಾ? ಸುಮ್ನೆ ಹಾಕಿರ್ತೀನಿ. ಮಾರುಕಟ್ಟೆ ಏನನ್ನುತ್ತೆ ನೋಡೋಣ.”

ಮಾರುಕಟ್ಟೆ ಇವರ ಜೊತೆ ಮಾತಾಡತೊಡಗಿತು. ವಾರ ಕಳೆಯುವುದರೊಳಗೆ ಇನ್ನೊಂದು ಅಂಗಡಿ ಅದೇ ಪುಸ್ತಕವನ್ನು ಹೆಚ್ಚಿನ ಬೆಲೆಗೆ ಹಾಕಿತು. ಇವರ ಮೊಬೈಲಿನಲ್ಲಿ ಬೆಲೆ ನೋಡಿಕೊಳ್ಳುವ ಒಂದು ಆ್ಯಪ್ ಇದೆ. ಎದುರಾಳಿಯ ಬೆಲೆಗಿಂತ ಒಂದು ಕೂದಲಷ್ಟು ಕಡಿಮೆ ಇಡು ಎಂದು ಅದಕ್ಕೆ ಹೇಳಿಟ್ಟಿದ್ದರು. ಅದು ಇವರ ಬೆಲೆಯನ್ನು ಎದುರಾಳಿಯ ಹತ್ತಿರಕ್ಕೆ ಏರಿಸಿತು. ಎದುರಾಳಿಯ ಆ್ಯಪ್‌ಗೆ ಇನ್ನೊಂದು ಆಜ್ಞೆ ಇತ್ತು: ಇವರ ಬೆಲೆಗಿಂತ ಕಾಲು ಭಾಗ ಹೆಚ್ಚಿಡು. ಅದೂ ಏರಿತು. ಇದು ಏರಿತು. ಅದು ಏರಿತು. ಒಬ್ಬ ಗಿರಾಕಿಯೂ ಇಲ್ಲದೆ ಬೆಲೆ ಮಾತ್ರ ಆಕಾಶಕ್ಕೆ ಹೊರಟಿತು. ಮೊದಲು ನನ್ನ ಮಿಷನ್ನಿನ ಬೆಲೆ, ಆಮೇಲೆ ಸ್ಕೂಟರಿನ ಬೆಲೆ. ಯಜಮಾನರಿಗೆ ನೆಲ ಕಾಣಿಸದಾಯಿತು. ಕಚೇರಿಯ ಕೆಲಸ ಬಿಡುವ ಮಾತೆತ್ತಿದರು, ಸಾಹೇಬರ ಮುಖದ ಮೇಲೆ ಏನೇನು ಹೇಳಿ ಬರಬೇಕೆಂದು ಕನ್ನಡಿಯೆದುರು ಅಭ್ಯಾಸ ಮಾಡಿದರು.

ತಿಳಿನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ಹಿಡಿದು, ಪುಸ್ತಕಕ್ಕೆ ಕೈ ಚಾಚಿದ ದಿನ ಹಲಗೆ ಖಾಲಿಯಿತ್ತು.

“ಆರ್ಡರ್ ಬಂತು ಕಣೇ,” ಎಂದರು ಯಜಮಾನರು, ನಾನು ಮೈಮೇಲೆ ಬೀಳುವಷ್ಟು ಹತ್ತಿರ ಹೋಗಿ ನಿಂತಾಗ. “ನಿನ್ನೆ ಕಂಪನಿಯವರು ಬಂದು ತಗೊಂಡು ಹೋದ್ರು, ಕೊಂಡವರ ಹೆಸರು ವಿಳಾಸ ಎಲ್ಲಾ ಅವರ ಹತ್ರಾನೇ ಇರುತ್ತೆ. ನಿನಗೊಂದು ಹೊಸಾ ಮಿಷನ್ ತೆಗೆಸಿಕೊಡ್ತೀನಿ. ಇನ್ನೇನು ಬೇಕು?”

“ಅತ್ತೆ ಅಂಗಿಯ ಲೆಕ್ಕ ಅದರಲ್ಲಿತ್ತು.”

“ಲೆಕ್ಕ ತಾನೇ? ಮೊಬೈಲ್‌ನಲ್ಲಿ ಹುಡುಕಿದ್ರೆ ಸಿಗುತ್ತೆ.”

ಆಮೇಲೆ ನಾನು ಇವರ ಜೊತೆ ಮಾತು ಬಿಟ್ಟೆ. ಇವರಿಗೆ ಅದು ಅರಿವಾಗುವುದಕ್ಕೇ ಸುಮಾರು ದಿನ ಹಿಡಿಯಿತು. ಬಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಅಂದಾಜಿನ ಮೇಲೆ ಕತ್ತರಿಸಲು ಎರಡು ಸಲ ಕತ್ತರಿ ಎತ್ತಿದೆ, ಎರಡು ಸಲವೂ ಕೆಳಗಿಟ್ಟೆ. ಅತ್ತೆ ಕಾಲರ್ ಬಿಚ್ಚಿಕೊಂಡು, ಹೆಗಲ ಮೇಲೊಂದು ಟವೆಲ್ ಹೊದ್ದು ಕಿಟಕಿಯ ಬಳಿ ಕೂರುತ್ತಿದ್ದರು. “ಪಾರ್ಕಲ್ಲಿ ನನ್ನ ಬಗ್ಗೆನೇ ಮಾತಾಡ್ತಿರ್ತಾರೆ ಈಗ. ನಾನಿಲ್ವಲ್ಲ, ಅವರಿಗೆ ಹಬ್ಬ,” ಎನ್ನುತ್ತಿದ್ದರು.

ಮರುತಿಂಗಳು ಮೈದುನ ಬಂದ. ಬಂದವನ ನಡಿಗೆಯೇ ಬೇರೆ, ಎದೆ ಒಂದು ಅಡಿ ಮುಂದಿತ್ತು. ಅಮ್ಮನ ಕಾಲು ಮುಟ್ಟಿ, ಅಣ್ಣನ ಬೆನ್ನು ತಟ್ಟಿ, ನೆಟ್ಟಗೆ ನನ್ನ ಕೋಣೆಗೆ ಬಂದು ಚೀಲದಿಂದ ಒಂದು ಪೊಟ್ಟಣ ತೆಗೆದ.

“ಅತ್ತಿಗೆ, ನಿಮಗೆ ಹೊಲಿಗೆ ಗೊತ್ತಲ್ಲ. ಈ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆದುಕೊಡಿ, ಗಿರಾಕಿಗಳಿಗೆ ಬಾಯಲ್ಲಿ ನೀರು ಬರೋ ಹಾಗೆ. ಮುಟ್ಟೋ ಮುಂಚೆ ಕೈ ಒರೆಸ್ಕೊಳ್ಳಿ, ಇದರ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ದಿನಾ ಏರ್ತಿತ್ತು. ಇನ್ನೂ ಏರೋದ್ರೊಳಗೆ ಸಾಲ ಮಾಡಿ ಎತ್ಹಾಕ್ದೆ.”

ರಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟಗಲ ಸುಟ್ಟ ಕಲೆ. ಮದುವೆಯಾದ ಹೊಸದರಲ್ಲಿ ನಾನೇ ಸುಟ್ಟದ್ದು. ಈ ಮನೆಗೆ ಬಂದಾಗಲೆಲ್ಲ ಅದೇ ಹಲಗೆಯ ಕೆಳಗೆ ಕುಳಿತು ಕಾಫಿ ಕುಡಿದು ಹೋಗುತ್ತಿದ್ದ ಮನುಷ್ಯನಿಗೆ ಅದರ ಗುರುತು ಸಿಕ್ಕಿರಲಿಲ್ಲ.

“ಎಲ್ಲಿಂದ ಕೊಂಡ್ಯಪ್ಪ?” ಎಂದೆ.

“ಪುಟಪ್ರೀತಿ ಅಂತ ಯಾವನೋ ಒಬ್ಬ ಪೆದ್ದ. ನಾನು ಬೆಲೆ ಏರಿಸಿದ ಹಾಗೆಲ್ಲ ಅವನೂ ಏರಿಸ್ತಿದ್ದ.”

ಬಾಗಿಲಲ್ಲಿ ನಿಂತಿದ್ದ ಯಜಮಾನರ ಮುಖ ಹುಳ್ಳಗಾಯಿತು. “ಓದುಗ ಬಂಧು ನೀನೇನೋ?” ಎಂದರು.

ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಕಣ್ಕಣ್ಣು ಬಿಟ್ಟು ನೋಡಿದರು. ಇಡೀ ಮಾರುಕಟ್ಟೆ ಎಂದರೆ ಇವರಿಬ್ಬರೇ. ಅದು ತಲೆಗೆ ಹೋದಮೇಲೆ ಜಗಳ ಶುರುವಾಯಿತು. ತಮ್ಮ ಕೊಟ್ಟದ್ದನ್ನು ವಾಪಸ್ ಕೇಳಿದ. ಅಣ್ಣ, ವ್ಯಾಪಾರ ವ್ಯಾಪಾರವೇ ಎಂದರು. ಅಪ್ಪನ ವಾಚು ಯಾರಿಗೆ ಸೇರಿತು ಎಂಬಲ್ಲಿಗೆ ಮಾತು ಹೋಯಿತು. ನನಗೆ ಅದೊಂದೂ ಬೇಕಾಗಿರಲಿಲ್ಲ. ಪುಸ್ತಕ ಮನೆಗೆ ಬಂದಿತ್ತಲ್ಲ, ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಬೆನ್ನಿನ ಲೆಕ್ಕದ ಪುಟ ತೆಗೆದೆ.

ಪುಟದ ಅಂಚು ಬೆಳ್ಳಗಿತ್ತು. ಅಚ್ಚಾದ ತಪ್ಪು ಅಂಕಿಗಳು ಮಾತ್ರ ಉಳಿದಿದ್ದವು. ಮುಂದಿನ ಪುಟವೂ ಹಾಗೇ. ಅದರ ಮುಂದಿನದೂ.

“ಇಲ್ಲಿ ಪೆನ್ಸಿಲ್ಲಲ್ಲಿ ಬರೆದಿತ್ತು,” ಎಂದೆ.

“ಹೂಂ, ಯಾರೋ ಉದ್ದಕ್ಕೂ ಗೀಚಿಬಿಟ್ಟಿದ್ರು, ಅತ್ತಿಗೆ.” ಜಗಳದ ನಡುವೆಯೂ ಮೈದುನನ ಮುಖದಲ್ಲಿ ಹೆಮ್ಮೆ ಇಣುಕಿತು. “ಗೀಚಿದ್ರೆ ‘ಬಳಕೆಗೆ ಅಡ್ಡಿಯಿಲ್ಲ’ ಅಂತಷ್ಟೇ ಹಾಕಬಹುದು. ದಿನಾ ಸಂಜೆ ಕೂತು ರಬ್ಬರ್ ಹಾಕ್ದೆ. ಈಗ ನೋಡಿ, ಉತ್ತಮ ಸ್ಥಿತಿ.”

ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಒತ್ತಿದ ಗುರುತಾದರೂ ಉಳಿದಿರಬಹುದು ಎಂಬ ಆಸೆ. ಎಲ್ಲೂ ಏನೂ ಇರಲಿಲ್ಲ. ಹುಟ್ಟಿದಾರಭ್ಯ ಒಂದು ಕೆಲಸವನ್ನೂ ನೆಟ್ಟಗೆ ಮಾಡದವನು ಇದೊಂದನ್ನು ಅಚ್ಚುಕಟ್ಟಾಗಿ ಮಾಡಿದ್ದ.

“ಅದು ಗೀಚಿದ್ದಲ್ಲ,” ಎಂದೆ. “ನಿಮ್ಮಮ್ಮನ ಬೆನ್ನಿನ ಲೆಕ್ಕ. ಅಣ್ಣ ಮಾರಿದ್ರು, ನೀನು ಅಳಿಸ್ದೆ. ಅವರು ಉಸಿರು ಕಟ್ಟಿಕೊಂಡು ಮನೇಲಿ ಕೂತಿರೋದು ಯಾಕೆ ಅಂತ ಇಬ್ರಲ್ಲಿ ಒಬ್ರಾದ್ರೂ ಕೇಳಿದ್ದೀರಾ?”

ಇಬ್ಬರೂ ಕೇಳಿರಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಟವೆಲ್ ಸರಿಮಾಡಿಕೊಂಡು ಒಳಗೆ ಬಂದರು.

“ಈಗ ಏನಮ್ಮ ದಾರಿ?” ಎಂದು ನನ್ನನ್ನು ಕೇಳಿದರು.

“ಟೀಚರ್ ಮಾಡಿದ ಹಾಗೆ ಮೊದಲಿಂದ ಮಾಡಬೇಕು, ಅತ್ತೆ. ಹಳೇ ಬಟ್ಟೆ ಮೈಮೇಲೆ ಹಾಕಿ, ಪಿನ್ನು ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚಿ. ತುಂಬಾ ಹೊತ್ತು ನಿಲ್ಲಬೇಕಾಗುತ್ತೆ. ನಿಮ್ಮ ಕೈಲಿ ಆಗಲ್ಲ.”

“ನನ್ನ ಕೈಲಿ ಆಗಲ್ಲ ನಿಜ. ಈ ಎರಡು ಕಂಬ ಇದ್ದಾವಲ್ಲ, ಯಾವತ್ತಿಗೆ ಇಟ್ಕೊಂಡಿರೋದು?” ಎಂದು ಅತ್ತೆ ಎರಡೂ ತೋಳು ಚಾಚಿದರು. “ಒಬ್ಬೊಬ್ಬ ಒಂದೊಂದು ಕಡೆ ಹಿಡ್ಕೊಳ್ಳಿ.”

ಹಿಡಿದುಕೊಂಡರು. ನಾನು ಹಳೆಯ ಹಾಸಿಗೆಯ ಬಟ್ಟೆ ಹರಿದು ಅತ್ತೆಗೆ ತೊಡಿಸಿ, ಪಿನ್ನು ಹಾಕುತ್ತ ಹೋದೆ. ಒಂದು ಸಲಕ್ಕೆ ಸರಿಹೋಗಲಿಲ್ಲ, ಇನ್ನೊಂದು ಸಲಕ್ಕೂ ಇಲ್ಲ. ಯಜಮಾನರ ಮೊಬೈಲ್ ಜೇಬಿನಲ್ಲಿ ಕೀಂಗುಟ್ಟಿತು, ಅವರ ಕೈ ತಾನೇ ತಾನಾಗಿ ಸಡಿಲವಾಯಿತು.

“ಗಟ್ಟಿಯಾಗಿ ಹಿಡ್ಕೊಳೋ,” ಎಂದರು ಅತ್ತೆ. “ಬಿಟ್ರೆ ಬೀಳ್ತೀನಿ. ಆಮೇಲೆ ನನ್ನನ್ನ ಏನಂತ ಹಾಕ್ತೀಯ? ಹಳೆಯದು, ಬಳಕೆಗೆ ಅಡ್ಡಿಯಿಲ್ಲ ಅಂತಾನಾ?”

ಯಜಮಾನರು ಹಿಡಿತ ಬಿಗಿಮಾಡಿದರು. ಮೈದುನ ಕಾಲು ಬದಲಿಸಿದ. ಮಧ್ಯಾಹ್ನ ಸರಿದು ಕೋಣೆಯ ಬೆಳಕು ಮಬ್ಬಾಯಿತು, ಇಬ್ಬರ ತೋಳುಗಳೂ ಸೋಲತೊಡಗಿದವು, ನನಗೆ ಕನಿಕರ ಬರಲಿಲ್ಲ. ಕಡೆಗೊಮ್ಮೆ ಅತ್ತೆ ಕತ್ತು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ, ದೀರ್ಘವಾಗಿ ಉಸಿರೆಳೆದುಕೊಂಡು, “ಹಾಂ,” ಎಂದರು. ಎಲ್ಲೂ ಎಳೆಯುತ್ತಿರಲಿಲ್ಲ. ಅಳತೆ ಸಿಕ್ಕಿತ್ತು. ಈ ಬೆನ್ನಿಗೊಂದು ಸಾಲು ಸಿಕ್ಕಿತು, ಅಷ್ಟೇ. ಟೀಚರ್ ಬರೆದಿದ್ದ ಉಳಿದ ಸಾಲುಗಳು ಹೋದವು, ಅವನ್ನು ಯಾರ ತೋಳು ಹಿಡಿಸಿಯೂ ವಾಪಸ್ ತರಲಾರೆ.

ಪುಸ್ತಕ ಬಿಚ್ಚಿ, ಯಜಮಾನರ ಜೇಬಿನಿಂದಲೇ ಪೆನ್ನು ಎಳೆದುಕೊಂಡೆ.

“ಅಯ್ಯೋ, ಪೆನ್ನಲ್ಲಿ ಬರೀಬೇಡ ಕಣೇ,” ಎಂದರು ಅವರು, ಅಮ್ಮನ ತೋಳು ಹಿಡಿದುಕೊಂಡೇ. “ಕಂಡೀಷನ್ ಹಾಳಾಗುತ್ತೆ.”

ನಾನು ಅತ್ತೆಯ ಮುಖ ನೋಡಿದೆ.

“ದೊಡ್ಡದಾಗಿ ಬರಿಯಮ್ಮ,” ಎಂದರು ಅತ್ತೆ. “ಪುಟ ತುಂಬಾ ಬರಿ.”